ಹಸಿರು ಸ್ಮೂದಿ ಮೀಮಾಂಸೆ: ಕರ್ತೃ, ಕಾಲ, ಪಾಠಾಂತರ

ಕನ್ನಡದ ಸಂಶೋಧಕರು ಯಾವ ಕೃತಿಯನ್ನೇ ಕೈಗೆತ್ತಿಕೊಳ್ಳಲಿ, ಮೊದಲು ಕೇಳುವುದು ಮೂರು ಪ್ರಶ್ನೆ: ಬರೆದವನು ಯಾರು, ಯಾವಾಗ ಬರೆದ, ಸಿಕ್ಕ ಪ್ರತಿಗಳಲ್ಲಿ ಯಾವುದು ಶುದ್ಧ. ಕೃತಿ ಚೆನ್ನಾಗಿದೆಯೇ ಎಂಬ ನಾಲ್ಕನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಅವರು ನಿವೃತ್ತರಾಗಿರುತ್ತಾರೆ. ಪಾಲಕ್, ಬಾಳೆಹಣ್ಣು, ನೀರು ಸೇರಿ ಆಗುವ ಹಸಿರು ಸ್ಮೂದಿ ಎಂಬ ಕೃತಿ ಬೆಂಗಳೂರಿನ ಎಷ್ಟೋ ಅಡುಗೆಮನೆಗಳಲ್ಲಿ ದಿನಾ ಬೆಳಿಗ್ಗೆ ಗರ್ರನೆ ಪಾರಾಯಣವಾಗುತ್ತಿದ್ದರೂ ಅದಕ್ಕೊಂದು ಶಾಸ್ತ್ರೀಯ ಸಂಪಾದನೆ ಬಂದಿಲ್ಲ. ಆ ಕೊರತೆಯನ್ನು ನೀಗುವುದೇ ಈ ಪ್ರಬಂಧದ ಉದ್ದೇಶ. ಪ್ರಬಂಧಕಾರನು ತನ್ನ ವಿಷಯವನ್ನು ಸ್ವತಃ ಕುಡಿದು ನೋಡಿದ್ದಾನೆ. ಸಂಶೋಧಕರಲ್ಲಿ ಇದು ಅಪರೂಪವಾದ್ದರಿಂದ ಇಲ್ಲಿ ದಾಖಲಿಸಿದೆ.

ಮೊದಲು ಕರ್ತೃವಿಚಾರ. ಸೊಪ್ಪು ಮತ್ತು ಹಣ್ಣನ್ನು ಒಟ್ಟಿಗೆ ಅರೆದು ಕುಡಿಯುವ ಪದ್ಧತಿಗೆ ಈ ಹೆಸರಿನಲ್ಲಿ ಪ್ರಚಾರ ಕೊಟ್ಟವರು ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಕ್ಟೋರಿಯಾ ಬುಟೆಂಕೊ. ಅವರ ‘ಗ್ರೀನ್ ಫಾರ್ ಲೈಫ್’ ಪುಸ್ತಕ ಬಂದದ್ದು 2005ರಲ್ಲಿ. ಚಿಂಪಾಂಜಿಗಳು ಏನು ತಿನ್ನುತ್ತವೆ ಎಂದು ನೋಡಿ, ಮನುಷ್ಯನೂ ಹಣ್ಣು ಮತ್ತು ಎಲೆಯನ್ನು ಅದೇ ಬಗೆಯಲ್ಲಿ ತಿನ್ನಬೇಕೆಂದು ಅವರು ವಾದಿಸಿದರು. ಚಿಂಪಾಂಜಿ ದಿನಕ್ಕೆ ಎಷ್ಟೋ ಗಂಟೆ ಅಗಿಯುವುದರಲ್ಲೇ ಕಳೆಯುತ್ತದೆ, ಮನುಷ್ಯನಿಗೆ ಕಚೇರಿಯಿದೆ, ಆದ್ದರಿಂದ ಅಗಿಯುವ ಕೆಲಸ ಯಂತ್ರಕ್ಕೆ ಬಿತ್ತು. ವಾದ ತಕ್ಕಮಟ್ಟಿಗೆ ಸರಿಯೇ. ಆದರೆ ಚಿಂಪಾಂಜಿಗೆ ಮಿಕ್ಸಿ ಜಾರ್ ತೊಳೆಯುವ ಕಷ್ಟವಿಲ್ಲ ಎಂಬುದನ್ನು ಆ ವಾದ ಗಮನಿಸಿಲ್ಲ. ಈ ಆಕ್ಷೇಪ ಮುಂದೆ ಮತ್ತೆ ಬರಲಿದೆ.

ಯಂತ್ರದ ಕರ್ತೃತ್ವ ಇನ್ನೂ ಜಟಿಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರು ಹಾರ್ಲಿಕ್ಸ್ ತಯಾರಾಗುತ್ತಿದ್ದ ಜಾಗ. ಲೋಟದ ತಳದಲ್ಲಿ ತಿರುಗುವ ಬ್ಲೇಡ್ ಕೂರಿಸುವ ಯೋಚನೆ 1922ರ ಹೊತ್ತಿಗೆ ಅದೇ ಊರಿನ ಸ್ಟೀಫನ್ ಪೊಪ್ಲಾವ್‌ಸ್ಕಿಯವರಿಗೆ ಹೊಳೆಯಿತು. ಉದ್ದೇಶ ಹಾರ್ಲಿಕ್ಸ್ ಕಲಕುವುದು, ಸೊಪ್ಪು ಕನಸಿನಲ್ಲೂ ಇರಲಿಲ್ಲ. ಬಳಿಕ ಫ್ರೆಡರಿಕ್ ಓಸಿಯಸ್ ಎಂಬುವರು ಇದನ್ನು ತಿದ್ದಿ ತೀಡಿ, ಹಣಕ್ಕಾಗಿ ಜನಪ್ರಿಯ ವಾದ್ಯವೃಂದದ ನಾಯಕ ಫ್ರೆಡ್ ವೇರಿಂಗ್ ಅವರ ಬಳಿಗೆ ಹೋದರು. 1937ರಲ್ಲಿ ಷಿಕಾಗೋದ ಪ್ರದರ್ಶನದಲ್ಲಿ ಅದು ಬೆಳಕಿಗೆ ಬಂತು. ಹೆಸರು ಮಾತ್ರ ವೇರಿಂಗ್ ಅವರದ್ದೇ ಉಳಿಯಿತು. ‘ಕವಿರಾಜಮಾರ್ಗ’ವನ್ನು ಬರೆದವನು ಅಮೋಘವರ್ಷ ನೃಪತುಂಗನೋ ಅವನ ಆಸ್ಥಾನದ ಶ್ರೀವಿಜಯನೋ ಎಂದು ತಲೆಮಾರುಗಟ್ಟಲೆ ವಾದಿಸಿದ ಕನ್ನಡಿಗರಿಗೆ ಇದು ಹೊಸ ಸಮಸ್ಯೆಯೇನಲ್ಲ. ದುಡ್ಡು ಕೊಟ್ಟವನ ಹೆಸರು ಮುಚ್ಚಳದ ಮೇಲೆ, ತಲೆ ಕೊಟ್ಟವನ ಹೆಸರು ಅಡಿಟಿಪ್ಪಣಿಯಲ್ಲಿ. ಓಸಿಯಸ್ ಸ್ಮೂದಿಯ ಶ್ರೀವಿಜಯ ಎಂದು ಈ ಪ್ರಬಂಧ ನಿರ್ಣಯಿಸುತ್ತದೆ.

ಈ ಯಂತ್ರವನ್ನು ಕಡೆಗಣಿಸುವವರಿಗೆ ಒಂದು ಮಾತು. ಆಲ್ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ 1952ರಲ್ಲಿ ಬ್ಯಾಕ್ಟೀರಿಯಾಗಳಿಗೆ ಅಂಟಿದ್ದ ವೈರಸ್ ಕವಚಗಳನ್ನು ಬಿಡಿಸಿದ್ದು ಅಡುಗೆಮನೆಯ ವೇರಿಂಗ್ ಬ್ಲೆಂಡರಿನಲ್ಲಿ. ಆನುವಂಶಿಕ ಗುಟ್ಟಿರುವುದು ಡಿಎನ್‌ಎಯಲ್ಲೇ ಎಂಬುದಕ್ಕೆ ಬಲವಾದ ಸಾಕ್ಷಿ ಅಲ್ಲಿಂದ ಸಿಕ್ಕಿತು. ಭಾರತಕ್ಕೆ ಬಂದರೆ, ಜರ್ಮನ್ ಮಿಕ್ಸರುಗಳು ನಮ್ಮ ಕೊಬ್ಬರಿ, ಉದ್ದು, ಒಣಮೆಣಸಿನಕಾಯಿಗಳ ಮುಂದೆ ಸೋತು ಹೊಗೆ ಬಿಟ್ಟಾಗ, 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ‘ಸುಮೀತ್’ ಮಿಕ್ಸಿಯನ್ನು ರೂಪಿಸಿದರು. ಹಾರ್ಲಿಕ್ಸಿಗೆ ಹುಟ್ಟಿದ ಯಂತ್ರ ಹೀಗೆ ಚಟ್ನಿಗೆ ದತ್ತು ಹೋಗಿ, ಈಗ ಸೊಪ್ಪಿಗೆ ಮರುಮದುವೆಯಾಗಿದೆ.

ಕಾಲವಿಚಾರದಲ್ಲಿ ಎರಡು ಕಾಲಗಳಿವೆ. ಹುಟ್ಟಿದ ಕಾಲವನ್ನು ಮೇಲೆ ಹೇಳಿದ್ದಾಯಿತು. ತಗಲುವ ಕಾಲವೇ ನಿಜವಾದ ವಿವಾದ. ಸ್ಮೂದಿಯ ಲಕ್ಷಣಗ್ರಂಥಗಳೆಲ್ಲ ಒಕ್ಕೊರಲಿನಿಂದ ‘ಐದೇ ನಿಮಿಷ’ ಎನ್ನುತ್ತವೆ. ಹೀಗೆ ಎಲ್ಲ ಪ್ರತಿಗಳಲ್ಲೂ ಒಂದೇ ಪಾಠ ಕಂಡಾಗ ಅದು ನಿಜವೆಂದು ಭಾವಿಸದೆ, ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡಿದ್ದಾರೆ ಎಂದು ಶಂಕಿಸುವುದು ಸಂಪಾದನಶಾಸ್ತ್ರದ ಮೊದಲ ಪಾಠ.

ಆದ್ದರಿಂದ ಕ್ರಿಯೆಯನ್ನು ಬಿಡಿಸಿ ನೋಡಬೇಕು. ಪಾಲಕ್ ಕಟ್ಟು ತಂದದ್ದಾಯಿತು. ಕಟ್ಟು ಬಿಚ್ಚಿ, ಬೇರು ಕೊಯ್ದು, ಹಳದಿಯಾದ ಎಲೆ ಆರಿಸಿ, ಹುಳು ತಿಂದ ತೂತುಗಳನ್ನು ಅನುಮಾನದಿಂದ ನೋಡಬೇಕು. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪು ಮುಳುಗಿಸಿ ಮೇಲಕ್ಕೆತ್ತಿದರೆ ತಳದಲ್ಲಿ ಮಣ್ಣು ಕೂತಿರುತ್ತದೆ. ನೀರು ಬದಲಿಸಿ ಮತ್ತೊಮ್ಮೆ, ತಳದಲ್ಲಿ ಮರಳು ಕಾಣದಾಗುವ ತನಕ. ಸೊಪ್ಪು ಒಳಗಿರುವಾಗಲೇ ನೀರು ಬಗ್ಗಿಸುವ ಪಂಥವೊಂದಿದೆ. ಅವರ ಸ್ಮೂದಿ ಹಲ್ಲಿನ ನಡುವೆ ಕರಕರ ಎನ್ನುತ್ತದೆ. ಇನ್ನು ಹಣ್ಣು ಸುಲಿಯುವುದು, ಬೀಜ ತೆಗೆಯುವುದು. ಇಷ್ಟಾದ ಮೇಲೆ ಮಿಕ್ಸಿ ತಿರುಗುವುದು ಒಂದೂವರೆ ನಿಮಿಷ. ಕುಡಿದ ಮೇಲೆ ಉತ್ತರಕಾಂಡ: ಬ್ಲೇಡಿನ ಅಡಿಯಲ್ಲಿ ಸುತ್ತಿಕೊಂಡ ದಂಟಿನ ನಾರು, ಮುಚ್ಚಳದ ರಬ್ಬರಿನ ಸಂದಿಯಲ್ಲಿ ಹಸಿರು, ಸಿಂಕಿನ ಜಾಲರಿಯಲ್ಲಿ ಬೇರು.

ಐದು ನಿಮಿಷ ಎಂಬ ಪಾಠ ಹಾಗಾದರೆ ಸುಳ್ಳೇ? ಅಲ್ಲ. ಅದು ಕುಡಿಯುವವರ ದೃಷ್ಟಿಯಿಂದ ಬರೆದ ಪಾಠ. ಮನೆಯಲ್ಲಿ ಸೊಪ್ಪು ಸೋಸುವವರೂ ಜಾರ್ ತೊಳೆಯುವವರೂ ಬೇರೊಬ್ಬರಿದ್ದರೆ ಸ್ಮೂದಿಗೆ ಐದೇ ನಿಮಿಷ, ಕೆಲವೊಮ್ಮೆ ನಾಲ್ಕೇ. ಆ ಬೇರೊಬ್ಬರು ಯಾರೆಂಬುದನ್ನು ಲಕ್ಷಣಕಾರರು ಹೇಳುವುದಿಲ್ಲ. ಪ್ರಬಂಧಕಾರನು ವಿಚಾರಿಸಿದಷ್ಟು ಮನೆಗಳಲ್ಲಿ ಅವರು ಸ್ಮೂದಿ ಕುಡಿಯುತ್ತಿರಲಿಲ್ಲ, ರಾತ್ರಿ ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿಕೊಂಡು ತಿನ್ನುತ್ತಿದ್ದರು.

ಐದು ನಿಮಿಷಕ್ಕೆ ಇಳಿಸುವ ಪ್ರಾಮಾಣಿಕ ದಾರಿ ಒಂದಿದೆ. ಸೊಪ್ಪನ್ನು ಹಿಂದಿನ ಸಂಜೆಯೇ ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಒಣಬಟ್ಟೆ ಹಾಸಿದ ಡಬ್ಬದಲ್ಲಿ ಫ್ರಿಜ್ಜಿಗಿಡುವುದು. ಕುಡಿದ ಕೂಡಲೇ ಜಾರಿಗೆ ಅರ್ಧ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ ಒಂದು ಸುತ್ತು ತಿರುಗಿಸುವುದು. ಒಣಗಲು ಬಿಟ್ಟರೆ ಹಸಿರು ಪದರವನ್ನು ಕೆರೆದು ತೆಗೆಯಲು ಪುರಾತತ್ತ್ವ ಇಲಾಖೆಯವರೇ ಬರಬೇಕು.

ಇನ್ನು ಪಾಠಾಂತರಗಳು. ಪಾಲಕನ್ನು ಮೂಲಪಾಠವೆಂದು ಒಪ್ಪಲು ಕಾರಣ ಅದಕ್ಕೆ ಸ್ವಂತ ಅಭಿಪ್ರಾಯ ಕಡಿಮೆ, ಹಣ್ಣು ಹೇಳಿದಂತೆ ಕೇಳುತ್ತದೆ. ಸೂಪರ್‌ಮಾರ್ಕೆಟ್ಟಿನ ಕೇಲ್ ಆಮದು ಪಾಠ: ಎಲೆ ಗಡುಸು, ಬೆಲೆ ಇನ್ನೂ ಗಡುಸು. ಮೆಂತ್ಯದ ಸೊಪ್ಪು ಯಾವುದೋ ಉತ್ಸಾಹಿ ಲಿಪಿಕಾರ ಸೇರಿಸಿದ ಪ್ರಕ್ಷಿಪ್ತ ಭಾಗ, ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಬಸಳೆ ಹಾಕಿದರೆ ಲೋಳೆಯಿಂದಾಗಿ ಲೋಟ ಬಗ್ಗಿಸಿದಾಗ ಪೇಯವು ಬರಲೋ ಬೇಡವೋ ಎಂದು ಯೋಚಿಸಿ, ಬಂದರೆ ಪೂರ್ತಿ ಒಮ್ಮೆಲೇ ಬರುತ್ತದೆ. ನುಗ್ಗೆಸೊಪ್ಪಿನ ಬಗ್ಗೆ ಮಾತು ಬೇಡ.

ಬಣ್ಣದ ವಿಷಯದಲ್ಲಿ ಪ್ರಕೃತಿ ನಿಷ್ಠುರ. ಹಸಿರಿಗೆ ದಾಳಿಂಬೆಯನ್ನೋ ನೇರಳೆಯನ್ನೋ ಸೇರಿಸಿದರೆ ಪೋಷಣೆ ಹೆಚ್ಚುತ್ತದೆ, ಬಣ್ಣ ಮಳೆಗಾಲದ ಚರಂಡಿಯದಾಗುತ್ತದೆ. ಎಲೆಹಸಿರಿನ ಅಣುವಿನ ನಟ್ಟನಡುವೆ ಮೆಗ್ನೀಸಿಯಂ ಕೂತಿದೆ. ಹುಳಿ ತಾಗುತ್ತಾ ಹೋದಂತೆ ಅದು ಜಾಗ ಖಾಲಿ ಮಾಡುತ್ತದೆ, ಹಸಿರು ಮಂಕಾಗಿ ಆಲಿವ್ ಕಂದಿಗೆ ತಿರುಗುತ್ತದೆ. ನಿಂಬೆ ಹಿಂಡಿದ ಸ್ಮೂದಿಯನ್ನು ಮಧ್ಯಾಹ್ನಕ್ಕೆಂದು ಎತ್ತಿಟ್ಟವರು ಈ ಪ್ರಯೋಗವನ್ನು ಖರ್ಚಿಲ್ಲದೆ ಮಾಡಿದಂತಾಯಿತು.

ಹುಳಿ ಬೇಡವೇ ಎಂದರೆ ಬೇಕು, ಕಬ್ಬಿಣಾಂಶದ ದೆಸೆಯಿಂದ. ಇಲ್ಲಿ ಪ್ರಬಂಧವು ತನ್ನ ಅತಿ ಮುಖ್ಯವಾದ ಅಧ್ಯಾಯಕ್ಕೆ ಬರುತ್ತದೆ. ಪಾಲಕ್‌ನಲ್ಲಿ ಅಪಾರ ಕಬ್ಬಿಣವಿದೆ ಎಂದು ಲೋಕ ನಂಬಿತ್ತು. ಅದಕ್ಕೆ ಕಾರಣ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿಯೊಬ್ಬ ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿಟ್ಟು ಪ್ರಮಾಣವನ್ನು ಹತ್ತು ಪಟ್ಟು ಮಾಡಿದ್ದು, ಪಪಾಯ್ ಎಂಬ ಕಾರ್ಟೂನ್ ನಾವಿಕ ಡಬ್ಬಿಗಟ್ಟಲೆ ಪಾಲಕ್ ನುಂಗಿದ್ದೂ ಅದರಿಂದಲೇ ಎಂದು ತಿಳಿದವರು ನಗುತ್ತಾ ಹೇಳುತ್ತಿದ್ದರು. ಈ ಕಥೆ 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಟಿ. ಜೆ. ಹ್ಯಾಂಬ್ಲಿನ್ ಅವರ ಲೇಖನದಲ್ಲಿ ಬಂತು. ಅದನ್ನು ನೋಡಿ ಇನ್ನೊಬ್ಬರು ಬರೆದರು, ಅವರನ್ನು ನೋಡಿ ಮತ್ತೊಬ್ಬರು. 2010ರಲ್ಲಿ ಮೈಕ್ ಸಟನ್ ಎಂಬ ಅಪರಾಧಶಾಸ್ತ್ರಜ್ಞ ಮೂಲ ಹುಡುಕುತ್ತಾ ಹೋದರೆ ಆ ಬಿಂದು ಎಲ್ಲೂ ಸಿಗಲಿಲ್ಲ. ಪಪಾಯ್ ಕೂಡ 1932ರ ಚಿತ್ರಪಟ್ಟಿಯೊಂದರಲ್ಲಿ ಪಾಲಕ್ ತಿನ್ನುವುದು ವಿಟಮಿನ್ ಎಗಾಗಿ ಎಂದೇ ಹೇಳಿದ್ದಾನೆ. ಅಂದರೆ ವಿದ್ವಾಂಸರ ಅಜಾಗರೂಕತೆಯನ್ನು ಬಯಲು ಮಾಡುವ ಕಥೆಯೇ ವಿದ್ವಾಂಸರ ಅಜಾಗರೂಕತೆಯಿಂದ ಹಬ್ಬಿತ್ತು. ಅಪರಾಧ ನಡೆದಿಲ್ಲ ಎಂದು ಸಾಬೀತುಪಡಿಸಲು ಅಪರಾಧಶಾಸ್ತ್ರಜ್ಞರೇ ಬರಬೇಕಾಯಿತು.

ಲೆಕ್ಕ ಮಾತ್ರ ಸರಳ. ನೂರು ಗ್ರಾಂ ಪಾಲಕ್‌ನಲ್ಲಿ ಸುಮಾರು 2.7 ಮಿಲಿಗ್ರಾಂ ಕಬ್ಬಿಣ. ಒಂದು ಲೋಟಕ್ಕೆ ಬೀಳುವುದು ಹಿಡಿ ಸೊಪ್ಪು, 40 ಗ್ರಾಂ ಎಂದುಕೊಂಡರೂ ಸಿಗುವುದು ಒಂದು ಮಿಲಿಗ್ರಾಂ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ದಿನಕ್ಕೆ ಮಹಿಳೆಗೆ ಬೇಕಾದ್ದು 29 ಮಿಲಿಗ್ರಾಂ, ಪುರುಷನಿಗೆ 19. ಆ ಒಂದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ. ನಿಂಬೆ, ಕಿತ್ತಳೆ, ಸೀಬೆಯ ವಿಟಮಿನ್ ಸಿ ಜೊತೆಗಿದ್ದರೆ ಆ ಸ್ವಲ್ಪ ಇನ್ನಷ್ಟು ಹೆಚ್ಚುತ್ತದೆ. ನಿಂಬೆಯ ಪಾತ್ರ ಅಷ್ಟೇ, ಆದರೂ ಅದನ್ನು ಬಿಡಬಾರದು.

ಬಾಳೆಹಣ್ಣಿನ ಪೀಠವೂ ಈಚೆಗೆ ಅಲುಗಿದೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ಮತ್ತು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯಗಳ ಸಂಶೋಧಕರು ಜನರಿಗೆ ಸ್ಮೂದಿ ಕುಡಿಸಿ ನೋಡಿದರು. ಬಾಳೆಹಣ್ಣು ಕತ್ತರಿಸಿಟ್ಟರೆ ಕಪ್ಪಾಗುವುದಕ್ಕೆ ಕಾರಣವಾದ ಕಿಣ್ವವೇ ಬೆರಿಹಣ್ಣು, ಸೇಬು, ದ್ರಾಕ್ಷಿಗಳಂಥವುಗಳಲ್ಲಿರುವ ಫ್ಲೇವನಾಲ್ ಎಂಬ ಅಂಶವನ್ನೂ ಕೆಡಿಸುತ್ತದೆ. ಬಾಳೆ ಹಾಕಿದ ಸ್ಮೂದಿ ಕುಡಿದವರ ರಕ್ತದಲ್ಲಿ ಆ ಅಂಶ ಶೇ. 84ರಷ್ಟು ಕಡಿಮೆ ಕಂಡಿತು. ಹೆದರುವ ಕಾರಣವಿಲ್ಲ, ಬಾಳೆಯ ನಾರು, ಪೊಟ್ಯಾಸಿಯಂ ಎಲ್ಲೂ ಹೋಗುವುದಿಲ್ಲ. ದುಬಾರಿ ಬೆರಿಹಣ್ಣು ತಂದವರು ಅದನ್ನು ಬಾಳೆಯ ಜೊತೆ ಕೂರಿಸದಿದ್ದರೆ ಸಾಕು. ಮಾವು, ಅನಾನಸ್, ಕಿತ್ತಳೆಗಳಲ್ಲಿ ಈ ಕಿಣ್ವ ಕಡಿಮೆ. ಆದರೆ ಅನಾನಸ್ಸಿಗೂ ಪರಂಗಿಗೂ ಹಾಲು ಸೇರಿಸಿ ಇಟ್ಟರೆ ಅವುಗಳ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುತ್ತದೆ. ಹುಳಿಹಣ್ಣು ಮತ್ತು ಹಾಲು ವಿರುದ್ಧಾಹಾರ ಎಂದ ಚರಕರಿಗೆ ಮಿಕ್ಸಿ ಇರಲಿಲ್ಲ, ನಾಲಿಗೆ ಇತ್ತು.

ಪೂರ್ವಪಕ್ಷದವರು ಇಲ್ಲಿ ತಂಬುಳಿಯನ್ನು ಮುಂದೆ ಮಾಡುತ್ತಾರೆ, ಮತ್ತು ಅವರ ಕೈ ಬಲವಾಗಿದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಂದೆಲಗವನ್ನು ಹಸಿಯಾಗಿ ತೆಂಗಿನತುರಿ, ಜೀರಿಗೆಯೊಂದಿಗೆ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸುತ್ತಾರೆ, ಕುದಿಸುವುದಿಲ್ಲ. ಎಲೆಯಲ್ಲಿರುವ ಬೀಟಾ ಕೆರೋಟಿನ್ ಮೈಗೆ ಹತ್ತಲು ಕೊಂಚ ಕೊಬ್ಬು ಬೇಕು. ತಂಬುಳಿಯಲ್ಲಿ ತೆಂಗು ಅದನ್ನು ಸದ್ದಿಲ್ಲದೆ ಒದಗಿಸುತ್ತದೆ. ನೀರು ಹಾಕಿ ತಿರುಗಿಸಿದ ಸ್ಮೂದಿಯಲ್ಲಿ ಅದಿಲ್ಲ, ಆದ್ದರಿಂದ ನಾಲ್ಕು ಬಾದಾಮಿಯನ್ನೋ ಎರಡು ಚಮಚ ಕಾಯಿತುರಿಯನ್ನೋ ಸೇರಿಸುವುದು ಜಾಣತನ. ಆದರೂ ಸ್ಮೂದಿಯನ್ನು ತಂಬುಳಿಯ ಮಗಳು ಎನ್ನಲು ಪ್ರಬಂಧಕಾರ ಒಪ್ಪುವುದಿಲ್ಲ. ಹದಿನಾರನೆಯ ಶತಮಾನದ ಮಂಗರಸನ ‘ಸೂಪಶಾಸ್ತ್ರ’ದಲ್ಲೇ ಪಾನಕಕ್ಕೂ ಶಾಕಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ತಂಬುಳಿ ಆ ಗಡಿಯನ್ನು ಗೌರವಿಸಿ ಅನ್ನದ ಪಕ್ಕ ಕೂರುತ್ತದೆ. ಸೊಪ್ಪಿಗೆ ಬಾಳೆಹಣ್ಣು ಹಾಕುವ ಧೈರ್ಯ ಸಾಗರ, ಶಿರಸಿಯ ಯಾವ ಅಜ್ಜಿಗೂ ಬಂದಿರಲಿಕ್ಕಿಲ್ಲ.

ಅತಿಯ ಬಗ್ಗೆ ಬೇಗ ಹೇಳಿ ಮುಗಿಸಬೇಕು. ಪಾಲಕ್‌ನಲ್ಲಿ ಆಕ್ಸಲೇಟ್ ಬಹಳ. ಮೂತ್ರಪಿಂಡದ ಕಲ್ಲು ಆದವರು ದಿನಾ ಹಸಿಯಾಗಿ ಕುಡಿಯುವ ಮುಂಚೆ ವೈದ್ಯರನ್ನು ಕೇಳಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರೂ ಕೇಳಬೇಕು, ಸೊಪ್ಪಿನ ವಿಟಮಿನ್ ಕೆ ಅದಕ್ಕೆ ಎದುರಾಳಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಹಣ್ಣಿನ ರಸ, ಸ್ಮೂದಿ ಎಲ್ಲ ಸೇರಿ ದಿನಕ್ಕೆ 150 ಮಿಲಿಲೀಟರ್ ಸಾಕು ಎನ್ನುತ್ತದೆ. ಅರೆದಾಗ ಹಣ್ಣಿನೊಳಗಿನ ಸಕ್ಕರೆ ಹೊರಗೆ ಬಿಡುಗಡೆಯಾಗುತ್ತದೆ ಎಂಬುದು ಅವರ ಕಾರಣ. ಲಕ್ಷಣಕಾರರ ಚಿತ್ರಗಳಲ್ಲಿ ಕಾಣುವ ಲೋಟ ನೋಡಿದರೆ ಅವರು ಇದನ್ನು ಓದಿದಂತಿಲ್ಲ.

ಈಗ ಪರಿಷ್ಕೃತ ಪಾಠ, ಇಬ್ಬರಿಗೆ. ಎರಡು ಹಿಡಿ ತೊಳೆದ ಪಾಲಕ್, ಮುಕ್ಕಾಲು ಲೋಟ ತಣ್ಣೀರು ಅಥವಾ ಎಳನೀರು, ಎರಡು ಚಮಚ ಕಾಯಿತುರಿ, ಅರ್ಧ ಇಂಚು ಶುಂಠಿ, ಇಷ್ಟನ್ನೇ ಮೊದಲು ಒಂದು ನಿಮಿಷ ತಿರುಗಿಸಬೇಕು. ಎಲೆಯ ಚೂರು ಕಾಣಬಾರದು. ಆಮೇಲೆ ಎರಡು ಏಲಕ್ಕಿ ಬಾಳೆ ಅಥವಾ ಅರ್ಧ ಮಾವು, ನಾಲ್ಕಾರು ಅನಾನಸ್ ತುಂಡು ಹಾಕಿ ಅರ್ಧ ನಿಮಿಷ. ಕೊನೆಗೆ ಅರ್ಧ ನಿಂಬೆ. ಸಕ್ಕರೆ ಬೇಡ, ಜೇನು ‘ಆರೋಗ್ಯಕರ’ ಎಂಬ ನೆಪದಲ್ಲಿ ಬಂದರೂ ಬೇಡ. ಜಾರನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಿದರೆ ಮುಚ್ಚಳ ಹಾರಿ ಅಡುಗೆಮನೆಯ ಗೋಡೆ ಪೋಷಣೆ ಪಡೆಯುತ್ತದೆ. ಮಿಕ್ಸಿ ತಟ್ಟನೆ ನಿಂತರೆ ಮೆಕ್ಯಾನಿಕ್ಕಿಗೆ ಫೋನ್ ಮಾಡುವ ಮುಂಚೆ ಅದನ್ನು ತಣಿಯಲು ಬಿಟ್ಟು, ಎತ್ತಿ ತಳ ನೋಡಬೇಕು. ಅಲ್ಲೊಂದು ಕೆಂಪು ಗುಂಡಿ ಇರುತ್ತದೆ, ಒತ್ತಿದರೆ ಮತ್ತೆ ಓಡುತ್ತದೆ.

ಒಂದು ಲೋಟ ಉಳಿದರೆ ಏನು ಮಾಡುವುದು ಎಂಬುದರ ಬಗ್ಗೆ ಹ್ಯಾಂಬ್ಲಿನ್, ಸಟನ್ ಇಬ್ಬರೂ ಏನನ್ನೂ ಹೇಳಿಲ್ಲ. ಮೇಲೆ ಹೇಳಿದ, ಒಗ್ಗರಣೆ ಅನ್ನ ತಿನ್ನುವವರು ಅದನ್ನು ಗೋಧಿಹಿಟ್ಟಿಗೆ ಸುರಿದು, ಚಿಟಿಕೆ ಉಪ್ಪು, ಓಮ ಹಾಕಿ ಚಪಾತಿಗೆ ಕಲಸುತ್ತಾರೆ. ಚಪಾತಿ ಮೆತ್ತಗಾಗುತ್ತದೆ, ಮಕ್ಕಳು ಪ್ರಶ್ನೆ ಕೇಳದೆ ತಿನ್ನುತ್ತಾರೆ, ತೊಳೆಯಬೇಕಾದ ಪಾತ್ರೆ ಒಂದು ಹೆಚ್ಚುತ್ತದೆ.