ಚುಕ್ಕಿಯಾಚೆಯ ಬಾಲ

ಗಣಕಯಂತ್ರದ ಕಡತಕ್ಕೆ, ಅಂದರೆ ಫೈಲಿಗೆ, ಇಡುವ ಹೆಸರಿನಲ್ಲಿ ಎರಡು ಭಾಗಗಳಿದ್ದು, ಮೊದಲನೆಯದು ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂದು ಮಾಲೀಕನ ಲಹರಿಯಂತೆ ಬೆಳೆಯಬಲ್ಲದಾದರೆ, ಕೊನೆಯ ಚುಕ್ಕಿಯಾಚೆಗಿನ ಡಾಕ್ಸ್, ಜೆಪೆಗ್, ಪಿಡಿಎಫ್ ಮೊದಲಾದ ಬಾಲವು, ಎಂದರೆ ಎಕ್ಸ್‌ಟೆನ್ಷನ್, ಅದನ್ನು ಯಾವ ತಂತ್ರಾಂಶ ತೆರೆಯಬೇಕೆಂದು ವಿಂಡೋಸ್‌ಗೆ ಸಾರುವ ಗೋತ್ರಪ್ರವರವಾಗಿರುತ್ತದೆ. ಇನಿಷಿಯಲ್ಲನ್ನು ಹೆಸರಿನ ಮೊದಲಿಗೇ ಇಟ್ಟು ರೂಢಿಯಾದ ಕನ್ನಡಿಗರು ಕೊನೆಗಂಟಿದ ಮೂರು ನಾಲ್ಕು ಅಕ್ಷರಗಳನ್ನು ಧೂಳೆಂದು ಒರೆಸಿಬಿಡುವುದು ಕ್ಷಮಾರ್ಹವೇ. ಆದರೆ ‘ಮದುವೆ.ಡಾಕ್ಸ್’ ಎಂಬುದನ್ನು ‘ಮದುವೆ.ಜೆಪೆಗ್’ ಎಂದು ತಿದ್ದಿದ ಮಾತ್ರಕ್ಕೆ ಲಗ್ನಪತ್ರಿಕೆ ಫೋಟೋ ಆಗುವುದಿಲ್ಲ; ಒಳಗಿನ ದತ್ತಾಂಶ ಕೂದಲೆಳೆಯಷ್ಟೂ ಕದಲದೆ, ಚಿತ್ರ ತೋರಿಸುವ ತಂತ್ರಾಂಶವೊಂದು ಮುಖ ಸಿಂಡರಿಸುತ್ತದೆ, ಅಷ್ಟೇ. ಹಳೆಯ ಬಾಲವನ್ನು ಮರಳಿ ಅಂಟಿಸಿದೊಡನೆ, ಮುಹೂರ್ತ ಮೀರುವ ಮೊದಲೇ, ಪತ್ರಿಕೆ ತೆರೆದುಕೊಳ್ಳುತ್ತದೆ.

ಇಂಥ ಎಡವಟ್ಟು ತಪ್ಪಿಸಲೆಂಬಂತೆ ಪರಿಚಿತ ಬಾಲಗಳನ್ನು ತಾನಾಗಿಯೇ ಮರೆಮಾಡುವ ವಿಂಡೋಸಿನ ಔದಾರ್ಯವಂತೂ ನೆಗಡಿಗೆ ಮೂಗನ್ನೇ ಕೊಯ್ದ ಚಿಕಿತ್ಸೆ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಇಮೇಲ್ ಹುಳುವು, ಎಂದರೆ ತಾನೇ ತನ್ನ ಪ್ರತಿಗಳನ್ನು ಹರಡುವ ದುಷ್ಟ ತಂತ್ರಾಂಶವು, ಈ ಮರೆಯಲ್ಲೇ ತನ್ನ ‘ವಿಬಿಎಸ್’ ಬಾಲವನ್ನು ಅಡಗಿಸಿ, ‘ಟಿಎಕ್ಸ್‌ಟಿ’ ಎಂಬ ಸುಳ್ಳುಬಾಲ ತೊಟ್ಟು, ಪ್ರೇಮಪತ್ರದ ವೇಷದಲ್ಲಿ ಲಕ್ಷಾಂತರ ಗಣಕಗಳನ್ನು ಹೊಕ್ಕಿತು. ಆದ್ದರಿಂದ ಕಡತಗಳನ್ನು ತೋರಿಸುವ ಕಿಟಕಿಯ ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದಕ್ಕೆ ಗುರುತು ಹಾಕಿ ಬಾಲವನ್ನು ಬಯಲಿಗೆಳೆದಿರುವುದೇ ಲೇಸು. ಆಮೇಲೆ ಹೆಸರು ತಿದ್ದಲು ಎಫ್2 ಕೀಲಿ ಒತ್ತಿದರೆ, ವಿಂಡೋಸಿನ ವಿಸ್ತಾ ಆವೃತ್ತಿಯಿಂದೀಚೆಗೆ, ಚುಕ್ಕಿಯ ಹಿಂದಿನ ಹೆಸರಷ್ಟೇ ಆಯ್ಕೆಗೊಂಡು ಬಾಲ ತಂಟೆಯಿಲ್ಲದೆ ಹೊರಗುಳಿಯುತ್ತದೆ. ಆದರೂ ಕೈತಪ್ಪಿ ಬಾಲವೇ ಬದಲಾಗಿ ಎಚ್ಚರಿಕೆಯ ಪೆಟ್ಟಿಗೆ ಮೂಡಿದರೆ, ಓದದೆ ‘ಯೆಸ್’ ಒತ್ತಿದವರಿಗೂ ಕಂಟ್ರೋಲ್-ಝಡ್ ಕೀಲಿಗಳ ಆಸರೆ ಇದ್ದೇ ಇದೆ.