ಸೈನೈಡ್ ದಿಬ್ಬಕ್ಕೆ ಸಭೆಯ ಆಹ್ವಾನ

ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಸನ್ಮಾನ್ಯ ಸೈನೈಡ್ ದಿಬ್ಬದವರಿಗೆ,



ಗಾಳಿಯಲ್ಲಿ ಏನಿದೆ, ನೀರಿನಲ್ಲಿ ಏನಿದೆ, ಅದನ್ನು ಉಸಿರಾಡಿ ಕುಡಿದವರ ಮೈಯಲ್ಲಿ ಏನಿದೆ, ಈ ಮೂರನ್ನೂ ಒಂದೇ ಕಡತದಲ್ಲಿ ಬರೆದಿಡುವ ನಿಗಾ ಯೋಜನೆಯೊಂದು ಇಡೀ ರಾಜ್ಯಕ್ಕೆ ಎಂದಾದರೂ ಬರಬಹುದು. ಬಂದರೆ ಮೊದಲು ಪಾಲುದಾರರ ಸಭೆ ಕರೆಯುತ್ತಾರೆ. ಹಿಂದೆ ಬ್ಯಾನರ್, ಮುಂದೆ ಗೋಡಂಬಿ ಬಿಸ್ಕತ್ತು. ಆ ಸಭೆಯ ಅಧ್ಯಕ್ಷತೆಯನ್ನು ತಾವೇ ವಹಿಸಬೇಕೆಂದು ಈಗಲೇ ಕೇಳಿಕೊಳ್ಳುತ್ತಿದ್ದೇನೆ.

ತಮಗಿರುವ ಅರ್ಹತೆ ಬೇರೆ ಯಾರಿಗೂ ಇಲ್ಲ. ತಾವು ಕೂತ ಜಾಗ ಗಣಿ ನಡೆಸಿದ ಸರ್ಕಾರಿ ಕಂಪನಿ ಬಿಜಿಎಂಎಲ್‌ನದು, ಅಂದರೆ ಕೇಂದ್ರದ ಗಣಿ ಸಚಿವಾಲಯದ್ದು. ತಮ್ಮಿಂದ ಎದ್ದ ಧೂಳು ರಸ್ತೆಗೆ ಬಿದ್ದರೆ ನಗರಸಭೆಯದು, ಗಾಳಿಯಲ್ಲೇ ಉಳಿದರೆ ಮಾಲಿನ್ಯ ನಿಯಂತ್ರಣ ಮಂಡಳಿಯದು, ಎದೆಗಿಳಿದರೆ ಆರೋಗ್ಯ ಇಲಾಖೆಯದು. ಒಂದೂ ಎನ್‌ಒಸಿ ಇಲ್ಲದೆ ಇಷ್ಟೂ ಕಚೇರಿಗಳನ್ನು ದಾಟಿ, ಆಷಾಢದ ಒಂದು ಮಧ್ಯಾಹ್ನ ಚಾಂಪಿಯನ್ ರೀಫ್‌ನ ಗಣಿ ಕಾರ್ಮಿಕರ ಲೈನ್ ಮನೆಯೊಳಗೆ ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಬಂದು ಕೂರುತ್ತೀರಿ. ಮಕ್ಕಳು ಅದರ ಮೇಲೆ ಬೆರಳಲ್ಲಿ ಹೆಸರು ಬರೆಯುತ್ತವೆ. ಅಮ್ಮ ಸೆರಗಿನಿಂದ ಒರೆಸಿ ಬಡಿಸುತ್ತಾಳೆ. ಪಾಲಿಗೆ ಬಂದದ್ದು ಪಂಚಾಮೃತ. ಇದಕ್ಕಿಂತ ದೊಡ್ಡ ಪಾಲುದಾರಿಕೆ ಇದೆಯೇ?

ಹೆಸರೊಂದೇ ಸ್ವಲ್ಪ ತೊಡಕು. ಎಲ್ಲರೂ ಸೈನೈಡ್ ಎಂದು ಹೆದರುತ್ತಾರೆ. ಆದರೆ ಪುಪ್ಪುಸ ತಿನ್ನುವುದು ಕಲ್ಲಿನ ಧೂಳಿನ ಸಿಲಿಕಾ, ಆ ಕಾಯಿಲೆಗೆ ಹೆಸರು ಸಿಲಿಕೋಸಿಸ್. ಚಿನ್ನದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಬಸಿದುಕೊಂಡು, ಉಳಿದ ರಾಡಿಯನ್ನು ಗುಡ್ಡೆ ಹಾಕಿದರು. ಹಾಗೆ ಹುಟ್ಟಿದ ತಾವು 13 ಜನ ಒಡಹುಟ್ಟಿದವರು, ಒಟ್ಟು ತೂಕ ಸುಮಾರು 3.3 ಕೋಟಿ ಟನ್. ಚಿನ್ನ ಊರು ಬಿಟ್ಟಿತು. 2001ರ ಫೆಬ್ರವರಿ 28ರಂದು ಗಣಿಯೂ ಬಾಗಿಲು ಹಾಕಿತು. ತಾವು ಮಾತ್ರ ಉಳಿದಿರಿ. (ಸಿನಿಮಾದವರು ಬಂದು ತಮ್ಮ ಮೇಲೆ ಸೆಟ್ ಹಾಕಿದರಲ್ಲ, ಸಂತೋಷ. ಧೂಳಿನ ಮಹಿಮೆಯನ್ನು ತೆರೆಯ ಮೇಲೆ ನೋಡಲು ನಾವೂ ದುಡ್ಡು ಕೊಟ್ಟೆವು.)

ಸಭೆಯಲ್ಲಿ ಯಾರಾದರೂ ‘ಮಾಹಿತಿಯ ಕೊರತೆಯಿದೆ’ ಎನ್ನದೆ ಇರುವುದಿಲ್ಲ. ಆಗ ತಾವು ಮೆಲ್ಲಗೆ ಕೆಮ್ಮಬೇಕು. ಸಿಲಿಕೋಸಿಸ್‌ಗೆಂದೇ ಮೈಸೂರು ಸಂಸ್ಥಾನ ನಿಯಮ ಮಾಡಿದ್ದು 1940ರಲ್ಲಿ. ಆ ದಶಕದಲ್ಲೇ ಕೆಜಿಎಫ್ ಗಣಿಯ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆ ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಕಾಯಿಲೆ ಸಿಕ್ಕಿತ್ತು. ಗಣಿ ಕಾರ್ಮಿಕರ ಆರೋಗ್ಯಕ್ಕೆಂದು 1990ರಲ್ಲಿ ಕೆಜಿಎಫ್‌ನಲ್ಲೇ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿತು. ಅದು ನಾಗಪುರಕ್ಕೆ ಹೋಯಿತು, 2019ರಲ್ಲಿ ಅಹಮದಾಬಾದಿನ ಇನ್ನೊಂದು ಸಂಸ್ಥೆಯಲ್ಲಿ ವಿಲೀನವಾಯಿತು. ಸಂಸ್ಥೆಗೆ ಕಾಲಿತ್ತು, ನಡೆಯಿತು. ಕಾಯಿಲೆಯವರು ಲೈನ್ ಮನೆಯಲ್ಲೇ ಇದ್ದಾರೆ.

ನನಗೆ ಗೊತ್ತಿರುವ ಒಬ್ಬ ಹಿರಿಯರು ತಮ್ಮ ಎಕ್ಸ್‌ರೇಯನ್ನು ಹಳೇ ಸೀರೆ ಅಂಗಡಿಯ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಕಿಟಕಿಯ ಬೆಳಕಿಗೆ ಹಿಡಿದರೆ ಎರಡೂ ಕಡೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ. ‘ಟಿಬಿ’ ಎಂದರಂತೆ, ಮಾತ್ರೆ ಕೊಟ್ಟರಂತೆ. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಟಿಬಿಯ ಹಾಗೆ ಕಾಣಬಹುದು, ಟಿಬಿಯನ್ನು ಕರೆದುಕೊಂಡೂ ಬರಬಹುದು. ‘ಯಾವ ಕೆಲಸ ಮಾಡುತ್ತಿದ್ದಿರಿ’ ಎಂದು ಕೇಳದಿದ್ದರೆ ವ್ಯತ್ಯಾಸ ತಿಳಿಯುವುದು ಕಷ್ಟ. ಆಸ್ಪತ್ರೆಯ ಚೀಟಿಯಲ್ಲಿ ಹೆಸರು, ವಯಸ್ಸು, ಲಿಂಗ ಇವೆ. ಕಸುಬಿಗೆ ಗೆರೆಯೇ ಇಲ್ಲ. ರಾಜಸ್ಥಾನ ಈ ರೋಗಿಗಳನ್ನು ಗುರುತಿಸಿ ಪರಿಹಾರ ಕೊಡಲು 2019ರಲ್ಲೇ ನೀತಿ ಮಾಡಿಕೊಂಡಿತು. ನಮ್ಮ ನಿಗಾ ಯೋಜನೆಯಲ್ಲಿ ಆ ಒಂದು ಗೆರೆ ಬಂದರೂ ನಾನು ಬಿಸ್ಕತ್ತಿನ ಖರ್ಚಿಗೆ ಆಕ್ಷೇಪ ಎತ್ತುವುದಿಲ್ಲ.

ತಮ್ಮ ಪಕ್ಕದ ಕುರ್ಚಿಗೆ ನಮ್ಮೂರು ಬಂಗಾರಪೇಟೆಯ ಬೋರ್‌ವೆಲ್ ನೀರನ್ನು ಕರೆಯಿರಿ. ಇಲ್ಲಿನ ಪಾನಿಪೂರಿ ಹೆಸರಾಗಿರುವುದೇ ಬಿಳಿ ಪಾನಿಯಿಂದ. ನೋಡಲು ಬರೀ ನೀರು, ಖಾರ ನಾಲಿಗೆಗೆ ಬಿದ್ದಮೇಲೇ ಗೊತ್ತಾಗುವುದು. ಕೋಲಾರದ ಅಂತರ್ಜಲದ ಫ್ಲೋರೈಡ್ ಕೂಡ ಹಾಗೇ ತಿಳಿಯಾಗಿರುತ್ತದೆ. ಪಾನಿಪೂರಿ ಒಂದು ನಿಮಿಷದಲ್ಲಿ ಹೇಳುವುದನ್ನು ಅದು ಹೇಳಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ, ಅದೂ ಮಕ್ಕಳ ಹಲ್ಲಿನ ಮೇಲೆ.

ಇನ್ನು ತಮ್ಮ ಸ್ವಂತ ವಿಷಯ. ತಮ್ಮನ್ನು ಹರಾಜು ಹಾಕಿ ಮತ್ತೆ ಅಗೆಯುವ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ತಮ್ಮೊಳಗೆ ಎಷ್ಟು ಚಿನ್ನ ಉಳಿದಿದೆಯೆಂದು ಲೆಕ್ಕ ಹಾಕುವವರಿದ್ದಾರೆ. ಅಧ್ಯಕ್ಷರ ಸ್ಥಾನದಿಂದ ತಾವು ಅವರಿಗೆ ಒಂದೇ ಮಾತು ಹೇಳಿ. ಮೊದಲ ಹಾರೆ ಬೀಳುವ ಮುನ್ನ ಲೈನ್ ಮನೆಗಳೊಳಗಿನ ಧೂಳು ಅಳೆಯಲಿ, ಅಲ್ಲಿರುವವರ ಎದೆಯ ಎಕ್ಸ್‌ರೇ ತೆಗೆಯಲಿ, ಎರಡನ್ನೂ ಒಂದೇ ಕಡತದಲ್ಲಿಟ್ಟು ಕೆಜಿಎಫ್‌ನಲ್ಲೇ ಬಿಡಲಿ. ಅಗೆದ ಮೇಲೆ ಅಳೆದರೆ ಯಾವುದು ಹಳೇ ಧೂಳು, ಯಾವುದು ಹೊಸದು ಎಂದು ಕೇಳುವವರಿಗೆ ಉತ್ತರ ಸಿಗುವುದಿಲ್ಲ.

ಇತಿ,
ಮಾರಿಕುಪ್ಪಂ ರೈಲಿನ ಒಬ್ಬ ಪಾಸುದಾರ
(ಪಾಲುದಾರರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ)