ಕಪ್ ನಮ್ದೇ, ಕಾಯೋದೂ ನಮ್ದೇ

ದೋಣಿಮಲೈಯಲ್ಲಿ ಇದ್ದುಕೊಂಡು ಆರ್‌ಸಿಬಿ ಅಭಿಮಾನಿ ಆಗಿರಲು ಗುಂಡಿಗೆ ಬೇಕು. ಬೆಂಗಳೂರಿನವರಿಗೇನು, ಸುತ್ತಮುತ್ತ ತಮ್ಮವರೇ; ಸೋತರೆ ಒಟ್ಟಿಗೆ ಬೈದುಕೊಂಡು ಮಲಗುತ್ತಾರೆ. ನಮ್ಮ ಪಾಡು ಹಾಗಲ್ಲ. ಇಲ್ಲಿ ಅದಿರು ತೆಗೆಯುವ ಎನ್‌ಎಂಡಿಸಿಯ ಮುಖ್ಯ ಕಚೇರಿ ಇರುವುದು ಹೈದರಾಬಾದಿನಲ್ಲಿ. ಬಡ್ತಿಯ ಪಟ್ಟಿ, ವರ್ಗಾವಣೆಯ ಆದೇಶ ಎಲ್ಲಕ್ಕೂ ಆ ಕಡೆಗೇ ಮುಖ. ಇತ್ತ ತೋರಣಗಲ್ಲಿನ ಕಡೆ ತಿರುಗಿದರೆ ಜಿಂದಾಲ್ ಕಾರ್ಖಾನೆ. ಆ ಜೆಎಸ್‌ಡಬ್ಲ್ಯು 2018ರಿಂದ ಡೆಲ್ಲಿ ತಂಡದ ಪಾಲುದಾರ. ಸಂಬಳ ಕೊಡುವುದು ಹೈದರಾಬಾದು, ಅದಿರು ಕೊಳ್ಳುವುದು ಡೆಲ್ಲಿ, ಗಂಟಲು ಹರಿದುಕೊಳ್ಳುವುದು ಮಾತ್ರ ಬೆಂಗಳೂರಿಗಾಗಿ. ಇಂಥ ನಿಷ್ಠೆಗೆ ಯಾವ ಕಂಪನಿಯಲ್ಲೂ ಭತ್ಯೆ ಇಲ್ಲ.

ಈ ಹೈದರಾಬಾದು ನಮ್ಮನ್ನು ಕಾಡಿದ್ದು ಅಷ್ಟಿಷ್ಟಲ್ಲ. 2009ರಲ್ಲಿ ಜೋಹಾನ್ಸ್‌ಬರ್ಗ್‌ನ ಫೈನಲ್. ನಮ್ಮ ಕುಂಬ್ಳೆ ಬರೀ 16 ರನ್ ಕೊಟ್ಟು 4 ವಿಕೆಟ್ ಕಿತ್ತರು. ಆದರೂ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ ಸಾಲದೆ ಸೋತೆವು. 2016ರಲ್ಲಿ ಕೊಹ್ಲಿ ಒಂದೇ ಸೀಸನ್ನಿನಲ್ಲಿ 973 ರನ್ ಹೊಡೆದರು, ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ ಇತ್ತು. ಆಗ ಸನ್‌ರೈಸರ್ಸ್, 8 ರನ್. ತಂಡದ ಹೆಸರು ಬದಲಾದರೂ ಊರು ಅದೇ! ಮರುದಿನ ಪಾಳಿಯ ಬಸ್ಸಿನಲ್ಲಿ ತೆಲುಗಿನ ಸಹೋದ್ಯೋಗಿ ಪಕ್ಕದಲ್ಲಿ ಬಂದು ಕೂತರು. ಕ್ರಿಕೆಟ್ಟಿನ ಸುದ್ದಿಯನ್ನೇ ಎತ್ತಲಿಲ್ಲ. ಡಬ್ಬ ತೆಗೆದು ಕಾಜು ಬರ್ಫಿ ಚಾಚಿದರು.

“ಏನ್ ವಿಶೇಷಾರೀ? ಮಗಳ ಹುಟ್ಟಿದಬ್ಬಾನಾ?”

“ಏಮೀ ಲೇದಂಡಿ, ಊರಿಕೇ,” ಅಂದರು. ಏನಿಲ್ಲ, ಸುಮ್ನೆ ಅಂತ.

ಆ ‘ಊರಿಕೇ’ಯಷ್ಟು ಉರಿದದ್ದು ಇನ್ನಾವುದೂ ಇಲ್ಲ. ಬರ್ಫಿ ಮಾತ್ರ ಚೆನ್ನಾಗಿತ್ತು.

ಬೇರೆ ತಂಡದವರಿಗೆ ಸೋಲು ಗೆಲುವು ಎರಡೇ ಗೊತ್ತು. ನಮ್ಮ ತಂಡ ಅವೆರಡರ ತುತ್ತತುದಿಗಳನ್ನು ತೋರಿಸಿದೆ. ಐಪಿಎಲ್ ಶುರುವಾದ 2008ರ ಏಪ್ರಿಲ್ 18ರ ರಾತ್ರಿಯೇ ಕೋಲ್ಕತ್ತದ ಮೆಕಲಮ್ ಒಬ್ಬನೇ 158 ಹೊಡೆದ. ನಮ್ಮ ಇಡೀ ತಂಡ ಸೇರಿ 82. 2013ರ ಏಪ್ರಿಲ್ 23ರಂದು ಗೇಲ್ 175 ಬಾರಿಸಿ, ತಂಡ 263ಕ್ಕೆ ಮುಟ್ಟಿತು. ನಾಲ್ಕು ವರ್ಷ ಬಿಟ್ಟು ಅದೇ ಏಪ್ರಿಲ್ 23ರಂದು 49ಕ್ಕೆ ಆಲ್ ಔಟ್. ಬಳ್ಳಾರಿಯ ಮೇ ತಿಂಗಳ ಬಿಸಿಲಿಗಿಂತ ಏಳೆಂಟು ಡಿಗ್ರಿ ಜಾಸ್ತಿ, ಅಷ್ಟೇ.

ಈ ಅಭಿಮಾನದಿಂದ ಆದ ಒಂದೇ ಉಪಕಾರ ಗಣಿತ. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋತೆವು. ನಾನು ಪಂಚಾಂಗದ ಹಿಂದೆ ರನ್ ರೇಟ್ ಲೆಕ್ಕ ಹಾಕುತ್ತಾ ಕೂತೆ: ನಾವು ಉಳಿದದ್ದೆಲ್ಲ ಗೆಲ್ಲಬೇಕು, ಕೊನೆಗೆ ಚೆನ್ನೈಯನ್ನು 18 ರನ್ನಿನಿಂದಾದರೂ ಹೊಡೆಯಬೇಕು. “ಪಿಎಫ್ ಲೆಕ್ಕ ಇಷ್ಟು ನೀಟಾಗಿ ಹಾಕಿದ್ದರೆ ಹೊಸಪೇಟೆಯಲ್ಲಿ ಒಂದು ಸೈಟಾದರೂ ಆಗ್ತಿತ್ರೀ” ಅಂದಳು ಮನೆಯವಳು. ಲೆಕ್ಕ ಹೊಂದಿತು. ಸಾಲಾಗಿ ಆರು ಗೆದ್ದು, ಚೆನ್ನೈಯನ್ನು 27 ರನ್ನಿನಿಂದ ಕೆಡವಿ ಪ್ಲೇ ಆಫ್ ಒಳಗೆ ಹೋದೆವು. ಹೋದ ಹಾಗೇ ಹೊರಗೂ ಬಂದೆವು. ಅದಕ್ಕೂ ಮೊದಲು, ಅದೇ ವರ್ಷದ ಮಾರ್ಚಿನಲ್ಲಿ, ಸ್ಮೃತಿ ಮಂಧಾನಾ ಪಡೆ ಡೆಲ್ಲಿಯನ್ನೇ ಸೋಲಿಸಿ ಮಹಿಳೆಯರ ಕಪ್ ಎತ್ತಿತ್ತು. “ನಮ್ಮ ಹೆಣ್ಮಕ್ಕಳಿಗೆ ಎರಡನೇ ವರ್ಷಕ್ಕೇ ಸಿಕ್ತು ನೋಡ್ರೀ,” ಎಂದಳು. ನಾನು ಪಂಚಾಂಗ ತಿರುಗಿಸಿ ಗೋಡೆಗೆ ಹಾಕಿದೆ.

ಆದರೆ ಕಾಯುವುದು ಈ ಬೆಟ್ಟಕ್ಕೆ ಹೊಸದಲ್ಲ. ಗುತ್ತಿಗೆಯ ತಕರಾರಿನಲ್ಲಿ 2018ರ ನವೆಂಬರಿಗೆ ನಿಂತ ದೋಣಿಮಲೈ ಗಣಿ ಮತ್ತೆ ಶುರುವಾಗಿದ್ದು 2021ರ ಫೆಬ್ರವರಿಯಲ್ಲಿ. ಅದಿರು ಎಲ್ಲಿಗೂ ಓಡಿಹೋಗಲಿಲ್ಲ, ನಾವೂ ತಂಡ ಬದಲಿಸಲಿಲ್ಲ.

ಕೊನೆಗೆ 2025ರ ಜೂನ್ 3, ಅಹಮದಾಬಾದಿನ ಫೈನಲ್. ಪಂಜಾಬ್ ಎದುರು ಗೆದ್ದಿದ್ದು ಎಷ್ಟು ರನ್ನಿನಿಂದ? 6! 2009ರಲ್ಲಿ ಕಳಕೊಂಡ ಆರು, ಬಡ್ಡಿಯಿಲ್ಲದೆ ಅಸಲು ಮಾತ್ರ ವಾಪಸು. ಕೊಹ್ಲಿ ಅಳುತ್ತಿದ್ದರು, ಟೌನ್‌ಶಿಪ್ಪಿನಲ್ಲಿ ಪಟಾಕಿ. ಬಾಗಿಲು ಬಡಿದವರು ಅದೇ ಬರ್ಫಿಯ ಸಹೋದ್ಯೋಗಿ. ಈ ಸಲ ಡಬ್ಬ ಇರಲಿಲ್ಲ. “ಈ ಸಲ ನೀವು ಕೊಡ್ಬೇಕು ಸಾರ್” ಅಂದರು, ಅದೂ ಕನ್ನಡದಲ್ಲಿ.

ಆ ಖುಷಿ ಒಂದು ಹಗಲೂ ಪೂರ್ತಿ ಬಾಳಲಿಲ್ಲ. ಮರುದಿನವೇ ಇಟ್ಟುಕೊಂಡ ವಿಜಯೋತ್ಸವದಲ್ಲಿ, ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತವಾಗಿ 11 ಮಂದಿ ಅಭಿಮಾನಿಗಳು ಸತ್ತರು. ಅವಸರ ಯಾರಿಗಿತ್ತೋ, ನಮಗಂತೂ ಇರಲಿಲ್ಲ. 18 ವರ್ಷ ಕಾದವರು ನಾವು. ಇನ್ನೊಂದು ವಾರ ಬಿಟ್ಟು, ನೆಟ್ಟಗೆ ಏರ್ಪಾಡು ಮಾಡಿ ಕರೆದಿದ್ದರೂ ಬರುತ್ತಿದ್ದೆವು. ನಮಗೆ ಚೆನ್ನಾಗಿ ಬರುವ ವಿದ್ಯೆ ಕಾಯುವುದೊಂದೇ. ಮುಂದಿನ ಸಲ ಕಪ್ ಎತ್ತುವವರು, ಎತ್ತಿಸುವವರು ಇಷ್ಟು ನೆನಪಿಟ್ಟುಕೊಂಡರೆ ಸಾಕು: ಅಭಿಮಾನಿಯನ್ನು ಎಷ್ಟು ಬೇಕಾದರೂ ಕಾಯಿಸಿ, ಆದರೆ ಜೋಪಾನವಾಗಿ ಮನೆಗೆ ಕಳಿಸಿ.